ಅದು ಸೆಕೆಂಡ್ ಇನ್ನಿಂಗ್ಸ್ ಅಲ್ಲ ಸ್ವಾಮಿ

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ನಮ್ಮ ಟೀಮಿನ ಕ್ವಿಜ್ ಹುಚ್ಚನೊಬ್ಬ ಕೇಳಿದ: "ಒಲಿಂಪಿಕ್ಸ್ ಈಜಿನಲ್ಲಿ ಎರಡು ಚಿನ್ನ ಗೆದ್ದು, ಹದಿಹರೆಯದಲ್ಲೇ ಅಮೆರಿಕದ ಟಿವಿಯಲ್ಲಿ ಕ್ರೀಡಾ ನಿರೂಪಕಿ ಆದವಳು ಯಾರು?" ಉತ್ತರ, ಡೋನಾ ಡಿ ವರೋನಾ. "ಎಷ್ಟು ಲಕ್ಕಿ ನೋಡು, ಅಷ್ಟು ಸಣ್ಣ ವಯಸ್ಸಿಗೇ ಸೆಕೆಂಡ್ ಇನ್ನಿಂಗ್ಸ್" ಅಂತ ಅವನೇ ಷರಾನೂ ಬರೆದ. ನನಗೆ ಉರಿದುಹೋಯ್ತು. ಅಲ್ಲಿ ಬಾಯಿ ತುಂಬಾ ಚಿತ್ರಾನ್ನ ಇತ್ತು, ಅದಕ್ಕೆ ಇಲ್ಲಿ ಕುಟ್ತಾ ಇದ್ದೀನಿ.

ಲಕ್ಕಿ ಅಂತೆ ಲಕ್ಕಿ! 1960ರ ರೋಮ್ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾದಾಗ ಈಕೆಗೆ 13 ವರ್ಷ. 1964ರ ಟೋಕಿಯೋದಲ್ಲಿ 400 ಮೀಟರ್ ಮೆಡ್ಲೆಯಲ್ಲಿ ಒಂದು ಚಿನ್ನ, ರಿಲೇಯಲ್ಲಿ ಇನ್ನೊಂದು. ಮೆಡ್ಲೆ ಅಂದ್ರೆ ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ನಾಲ್ಕನ್ನೂ ಒಂದರ ಹಿಂದೊಂದು ಈಜಬೇಕು (ನನಗೆ ಒಂದೂ ನೆಟ್ಟಗೆ ಬರಲ್ಲ). ಆಗ ವಯಸ್ಸು 17. ಆ ವಯಸ್ಸಲ್ಲಿ ನಾನು ಸಿಇಟಿ ರ‍್ಯಾಂಕ್ ಎಷ್ಟು ಬರತ್ತೋ ಅಂತ ಉಗುರು ಕಚ್ತಾ ಕೂತಿದ್ದೆ. ಡೋನಾ 1965ರಲ್ಲಿ ನಿವೃತ್ತಿಯಾದಳು!

ಸಾಕಾಗಿ ಬಿಟ್ಟಳಾ? ಇಲ್ಲ ಕಣ್ರೀ. ಆಗಿನ ಅಮೆರಿಕದ ಕಾಲೇಜುಗಳಲ್ಲಿ ಈಜುವ ಹುಡುಗಿಯರಿಗೆ ಸ್ಕಾಲರ್‌ಶಿಪ್ಪೇ ಇರಲಿಲ್ಲ. ಅದೇ ಟೋಕಿಯೋದಲ್ಲಿ ನಾಲ್ಕು ಚಿನ್ನ ಗೆದ್ದ ಡಾನ್ ಶೊಲಾಂಡರ್ ಯೇಲ್ ಸೇರಿದ, ಕಾಲೇಜು ತಂಡಕ್ಕೆ ಈಜಿದ, 1968ರಲ್ಲಿ ಮೆಕ್ಸಿಕೋದಲ್ಲಿ ಮತ್ತೊಂದು ಚಿನ್ನ ಗೆದ್ದ. ಡೋನಾನೂ ಮೆಕ್ಸಿಕೋಗೆ ಹೋಗಿದ್ದಳು.. ಎಬಿಸಿ ಚಾನೆಲ್ಲಿನ ಮೈಕ್ ಹಿಡಿದು. ಅವಳಿಗಾಗ 21. ಇದನ್ನ ಸೆಕೆಂಡ್ ಇನ್ನಿಂಗ್ಸ್ ಅಂತೀರಾ? ಮೊದಲ ಇನ್ನಿಂಗ್ಸ್ ಪೂರ್ತಿ ಆಡಲಿಕ್ಕೇ ಬಿಟ್ಟಿಲ್ಲವಲ್ಲ!

"ಮೈಕ್ ಆದ್ರೂ ಸಿಕ್ತಲ್ಲ" ಅನ್ನೋರೂ ಇದ್ದಾರೆ. ಸಿಕ್ತು, ನಿಜ. ಆದರೆ ಟಿವಿಯಲ್ಲಿ ಮುಖ ಕಂಡಿತು ಅಂತ ಆಕೆ ಸುಮ್ಮನೆ ಕೂರಲಿಲ್ಲ. ಸರ್ಕಾರಿ ದುಡ್ಡು ಪಡೆಯೋ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡೋ ಹಾಗಿಲ್ಲ ಅನ್ನೋ 1972ರ ಕಾನೂನು, ಟೈಟಲ್ ನೈನ್, ಅದರ ಪರವಾಗಿ ಓಡಾಡಿದಳು. ತನಗೆ ಸಿಗದ ಸ್ಕಾಲರ್‌ಶಿಪ್ ಮುಂದಿನ ಹುಡುಗಿಯರಿಗೆ ಸಿಕ್ಕಿದ್ದು ಆ ಕಾನೂನಿನಿಂದ.

ಅಷ್ಟಾಗಿ ಆ ಮೈಕಾದ್ರೂ ಉಳೀತಾ? 1998ರಲ್ಲಿ ಎಬಿಸಿ ಕೈಬಿಟ್ಟಿತು. ವಯಸ್ಸಾಯ್ತು, ಮೇಲಾಗಿ ಹೆಂಗಸು, ಅದಕ್ಕೇ ತೆಗೆದರು ಅಂತ 2000ದಲ್ಲಿ 5 ಕೋಟಿ ಡಾಲರ್ ದಾವೆ ಹಾಕಿದಳು. ಚಾನೆಲ್ ಹಾಗಲ್ಲ ಅಂತು. 2002ರಲ್ಲಿ ರಾಜಿ. ಈ ಭಾಗ ಯಾವ ಕ್ವಿಜ್ಜಿಗೂ ಬರಲ್ಲ ಬಿಡಿ.

ಸೋಮವಾರ ಊಟಕ್ಕೆ ಕೂತಾಗ ಪ್ರಶ್ನೆ ನನ್ನದು: "ಎರಡು ಚಿನ್ನ ಗೆದ್ದ ಹುಡುಗಿ ಮರುವರ್ಷವೇ ಈಜು ಬಿಟ್ಟಿದ್ದು ಯಾಕೆ? ಹೇಳಪ್ಪ ಈಗ."