ಯಕೃತ್ತಿಗಾಗಿ ಮತ್ತೊಂದು ಕಿಟಕಿ ಬೇಡ

ಎಚ್.ಐ.ವಿ. ಸೋಂಕಿಗೆ 2004ರ ಏಪ್ರಿಲ್ 1ರಿಂದ ಸರ್ಕಾರವು ಉಚಿತ ಔಷಧವನ್ನು ಕೊಡತೊಡಗಿದ ಮೇಲೆ, ಹಿಂದೆ ಕ್ಷಯಕ್ಕೂ ಅತಿಸಾರಕ್ಕೂ ಅಕಾಲದಲ್ಲಿ ತುತ್ತಾಗುತ್ತಿದ್ದವರು ಇಂದು ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬಾಳುತ್ತಿರುವರು. ಆದರೆ ಆಯುಸ್ಸು ದೀರ್ಘವಾದಂತೆಲ್ಲ, ಯಾರ ಗಮನಕ್ಕೂ ಬಾರದೆ ಸವೆಯುತ್ತಿದ್ದ ಯಕೃತ್ತು ತನ್ನ ಬಾಕಿಯನ್ನು ಕೇಳತೊಡಗಿದೆ. ಹೆಪಟೈಟಿಸ್ ಬಿ, ಸಿ ವೈರಸ್ಸುಗಳು ಎಚ್.ಐ.ವಿ. ಹಿಡಿಯುವ ಹಾದಿಗಳನ್ನೇ ಹಿಡಿಯುವುದರಿಂದ ಒಂದೇ ದೇಹದಲ್ಲಿ ಜೊತೆಗೂಡುವುದುಂಟು. ಕೂಡಿದಲ್ಲಿ ಯಕೃತ್ತು ಬೇಗ ಗಡುಸಾಗಿ ಸಿರೋಸಿಸ್ ತಲೆದೋರುವುದು.

ಎಚ್.ಐ.ವಿ.ಗೆ ಈಗ ಕೊಡುವ ಮಾತ್ರೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್‌ಗಳು ಹೆಪಟೈಟಿಸ್ ಬಿಯನ್ನೂ ಹತೋಟಿಯಲ್ಲಿಡುತ್ತವೆಂಬುದು ಎಷ್ಟು ಮಂದಿ ರೋಗಿಗಳಿಗೆ ಗೊತ್ತು? ಕಣ್ಣು ಹಳದಿಗಟ್ಟಿದೊಡನೆ "ಮಾತ್ರೆ ಹೀಟ್ ಆಯ್ತು" ಎಂದು ಬಂಧುಗಳು ತೀರ್ಮಾನಿಸಿ, ಅದನ್ನು ನಿಲ್ಲಿಸಿ, ನೆಲನೆಲ್ಲಿಯ ರಸ ಕುಡಿಸಲು ಹೊರಡುವರು. (ನೆಲನೆಲ್ಲಿಯನ್ನು ಹಳಿಯಲಾರೆ, 1988ರಲ್ಲಿ ಮದರಾಸಿನ ಸಂಶೋಧಕರು ಅದರಲ್ಲಿ ಭರವಸೆ ಕಂಡರು, ಅನಂತರದ ಪರೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ.) ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟಲ್ಲಿ ಅಡಗಿದ್ದ ಬಿ ವೈರಸ್ಸು ಕೆರಳಿ ಯಕೃತ್ತೇ ಕುಸಿಯಬಹುದು.

ಬೆಂಗಳೂರಿನ ಅತ್ತಿಗುಪ್ಪೆಯಂತಹ ಬಡಾವಣೆಗಳಲ್ಲಿ, ಗೋಡೆಗೆ ಗೋಡೆ ತಾಗಿದ ಬಾಡಿಗೆಮನೆಗಳಲ್ಲಿ, ಮೂವತ್ತು ಮಾತ್ರೆಗಳ ಡಬ್ಬಿಯ ಚೀಟಿಯನ್ನು ಉಗುರಿನಿಂದ ಕೆರೆದು, ಸದ್ದಾಗದಂತೆ ಹತ್ತಿ ತುರುಕಿ, ಬೇಳೆಯ ಡಬ್ಬದ ಹಿಂದೆ ಬಚ್ಚಿಡುವವರು, ಗುರುತಿನವರು ಕಂಡಾರೆಂಬ ಅಂಜಿಕೆಯಿಂದ, ಮೆಟ್ರೋ ಹತ್ತಿ, ಎಚ್.ಐ.ವಿ. ಔಷಧ ಕೊಡುವ ದೂರದ ಎ.ಆರ್.ಟಿ. ಕೇಂದ್ರಕ್ಕೆ ಹೋಗುವರು. ಅಂಥವರಿಗೆ "ಲಿವರ್ ಡಾಕ್ಟರನ್ನು ನೋಡಿ" ಎಂದು ಚೀಟಿ ಬರೆದು ಬೇರೊಂದು ಆಸ್ಪತ್ರೆಗೆ ಅಟ್ಟಿದರೆ, ಅಲ್ಲಿಯ ಕಿಟಕಿಯೆದುರು ತಮ್ಮ ಗುಟ್ಟನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳಬೇಕಾದೀತು. ಹೋಗದೆ ಉಳಿಯುವವರನ್ನು ನಾನು ದೂಷಿಸಲಾರೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್.ಐ.ವಿ. ಕಾಯಿದೆಯು ಗೋಪ್ಯತೆಯನ್ನು ಹಕ್ಕಾಗಿಸಿದೆಯಾದರೂ, ಸರತಿಯ ಸಾಲು ಕಾಯಿದೆಯನ್ನು ಓದಿಕೊಂಡು ನಿಂತಿರುವುದಿಲ್ಲ.

ಅದೇ ವರ್ಷದ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಹೆಪಟೈಟಿಸ್ ಸಿ ಬಹುಮಟ್ಟಿಗೆ ಹನ್ನೆರಡೇ ವಾರಗಳಲ್ಲಿ ಗುಣವಾಗುವುದು. ಎರಡು ಕಾರ್ಯಕ್ರಮಗಳೂ ಸರ್ಕಾರದವೇ ಆಗಿರಲು, ಮಾತ್ರೆ ಕೊಡುವ ಕೇಂದ್ರದಲ್ಲಿಯೇ, ಆ ದಿನವೇ, ಯಕೃತ್ತಿನ ಪರೀಕ್ಷೆಯೂ ನಡೆಯತಕ್ಕದ್ದು. ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆಯು ದೇಶದಾದ್ಯಂತ ದೊರೆತದ್ದು 2011ರ ಸುಮಾರಿಗೆ. ಇಂದಿನ ನಡುವಯಸ್ಸಿನವರು ಅದಕ್ಕೂ ಮೊದಲೇ ಹುಟ್ಟಿದವರು. ಇವರಲ್ಲಿ ಬಿ ಸೋಂಕು ತಗುಲದವರಿಗೆ, ವೈದ್ಯರು ನಿರ್ಣಯಿಸುವ ಪ್ರಮಾಣದಲ್ಲಿ, ಲಸಿಕೆಯನ್ನು ಅಲ್ಲಿಯೇ ಹಾಕಲಿ.