ಸ್ವರ ಬಿದ್ದ ಮೇಲೆ

ಮೊಬೈಲಿನಲ್ಲಿ ‘ನಿದ್ದೆಗೆ ಸಂಗೀತ’, ‘ಧ್ಯಾನಕ್ಕೆ ಸಂಗೀತ’ ಎಂದು ಹುಡುಕಿದರೆ ಪಿಯಾನೋದ ನಾಲ್ಕು ಸ್ವರ, ಹಿಂದೆ ಸಿಂಥಸೈಜರಿನ ಮೆತ್ತನೆಯ ಗುಂಯ್‌ಗಾರ ಗಂಟೆಗಟ್ಟಲೆ ಸಿಗುತ್ತದೆ. ಆಂಬಿಯೆಂಟ್ ಎಂಬ ಹೆಸರು ಈಗ ಹೆಚ್ಚಾಗಿ ಇಂಥ ಸರಕಿಗೇ ಅಂಟಿಕೊಂಡಿದೆ. ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಂನ ಹೊತ್ತಿಗೆ, 1978ರಲ್ಲಿ, ಬ್ರಿಟನ್ನಿನ ಬ್ರಯನ್ ಈನೊ ಈ ಸಂಗೀತಕ್ಕೆ ಹಾಕಿಕೊಂಡ ಷರತ್ತುಗಳು ಎರಡು. ಕಿವಿಗೊಡದಿದ್ದರೂ ಅದು ಬೇಜಾರು ಮಾಡಿಕೊಳ್ಳಬಾರದು. ಕಿವಿಗೊಟ್ಟರೆ ನಿರಾಸೆ ಮಾಡಬಾರದು. ಪೇಟೆ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿತು.

ಕೈಬಿಡದವರಲ್ಲಿ ಜಪಾನಿನ ರ್ಯುಯಿಚಿ ಸಕಾಮೊಟೊ ಒಬ್ಬರು. 2023ರ ಜನವರಿ 17, ತಮ್ಮ 71ನೇ ಹುಟ್ಟುಹಬ್ಬದಂದು ಅವರು ‘12’ ಎಂಬ ಆಲ್ಬಂ ಹೊರತಂದರು. ಮಾರ್ಚ್ 28ರಂದು ತೀರಿಕೊಂಡರು. ‘ದಿ ಲಾಸ್ಟ್ ಎಂಪರರ್’ ಚಿತ್ರದ ಸಂಗೀತಕ್ಕಾಗಿ ಇತರ ಇಬ್ಬರೊಂದಿಗೆ ಆಸ್ಕರ್ ಪಡೆದವರೆಂದು ಅವರನ್ನು ಬಲ್ಲವರು ಹೆಚ್ಚು. ನಮಗೆ ಮುಖ್ಯವೆನಿಸುವುದು ಪಿಯಾನೋದೊಂದಿಗೆ ಅವರಿಗಿದ್ದ ತಕರಾರು.

ಪಿಯಾನೋದ ಕೀಲಿ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ. ಆಮೇಲೆ ಪೆಡಲ್ ಒತ್ತಿ ನಾದವನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳಬಹುದು, ಅಷ್ಟೆ, ಬಾಗಿಸಲಾಗದು, ಬೆಳೆಸಲಾಗದು. ವೀಣೆಯ ನಾದವೂ ಕ್ಷೀಣಿಸುವಂಥದ್ದೇ. ಆದರೆ ಮೀಟಿದ ಮೇಲೂ ವೈಣಿಕರ ಎಡಗೈ ತಂತಿಯನ್ನು ಎಳೆದು ಗಮಕ ಹೊರಡಿಸುತ್ತದೆ. ಪಿಯಾನೋ ನುಡಿಸುವವರಿಗೆ ಆ ಎಡಗೈ ಇಲ್ಲ. ಇಲೆಕ್ಟ್ರಾನಿಕ್ ಯಂತ್ರಗಳು ಬಂದು ಕೂತದ್ದು ಆ ಜಾಗದಲ್ಲಿ. 1980ರ ‘ದಿ ಪ್ಲಾಟೋಸ್ ಆಫ್ ಮಿರರ್’ನಲ್ಲಿ ಅಮೆರಿಕದ ಹೆರಾಲ್ಡ್ ಬಡ್ ಪಿಯಾನೋ ನುಡಿಸಿದರು, ಈನೊ ಆ ನಾದವನ್ನು ಯಂತ್ರಗಳಲ್ಲಿ ಹಾಯಿಸಿ ಹಿಗ್ಗಿಸಿದರು. 2002ರ ‘ವ್ರಿಯೂನ್’ನಲ್ಲಿ ಸಕಾಮೊಟೊ ಅವರ ಪಿಯಾನೋಗೆ ಜರ್ಮನಿಯ ಆಲ್ವಾ ನೋಟೊ ಸೇರಿಸಿದ್ದು ಕಂಪ್ಯೂಟರಿನ ಸೂಜಿಮೊನೆಯಂಥ ಟಿಕ್ಕುಗಳನ್ನು, ಏರಿಳಿತವಿಲ್ಲದ ತೆಳು ನಾದವನ್ನು. ಅಲ್ಲಿ ಸ್ವರ ಕರಗುವ ಕಡೆಯಲ್ಲೇ ಯಂತ್ರ ಮಾತು ಶುರುಮಾಡುತ್ತದೆ.

ಎಂದೂ ಕರಗದ ನಾದವೊಂದು ಬೇಕೆಂಬ ಆಸೆಯನ್ನು ಸಕಾಮೊಟೊ ತಮ್ಮ ಬಗೆಗಿನ ‘ಕೋಡಾ’ ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡಿದ್ದಾರೆ. ಅದೇ ಚಿತ್ರದಲ್ಲಿ, 2011ರ ಸುನಾಮಿಯ ನೀರಲ್ಲಿ ಮುಳುಗಿದ್ದ ಪಿಯಾನೋ ಒಂದರ ಮುಂದೆ ಅವರು ಕೂರುತ್ತಾರೆ. ಅದರ ಶ್ರುತಿ ಕೆಟ್ಟಿತ್ತು. ಟನ್ನುಗಟ್ಟಲೆ ಬಿಗುವಿನಲ್ಲಿ ಮನುಷ್ಯ ಎಳೆದು ಕಟ್ಟಿದ ತಂತಿಗಳನ್ನು ನಿಸರ್ಗ ತನ್ನ ಶ್ರುತಿಗೆ ಹಿಂತಿರುಗಿಸಿಕೊಂಡಿದೆ ಎಂದು ಅವರು ಬಗೆದರು. ಆ ಸದ್ದನ್ನು 2017ರ ‘ಅಸಿಂಕ್’ ಆಲ್ಬಂನಲ್ಲಿ ಬಳಸಿದರು. ಅಷ್ಟರಲ್ಲಾಗಲೇ ಗಂಟಲಿನ ಕ್ಯಾನ್ಸರ್ ಅವರನ್ನು ಒಮ್ಮೆ ಹಣ್ಣುಮಾಡಿತ್ತು.

‘12’ ಹುಟ್ಟಿದ್ದು 2021ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ, ದಿನಚರಿಯ ಹಾಗೆ. ಹನ್ನೆರಡು ರಚನೆಗಳಿಗೂ ಆಯಾ ದಿನದ ತಾರೀಖೇ ಹೆಸರು. ಸಿಂಥಸೈಜರಿನ ದೀರ್ಘ ನಾದದಿಂದ ಆರಂಭವಾಗುವ ಆಲ್ಬಂ ಹೋಗಹೋಗುತ್ತ ಬರಿಯ ಪಿಯಾನೋದತ್ತ ಸರಿಯುತ್ತದೆ. ಸ್ವರಗಳ ನಡುವೆ ನುಡಿಸುವವರ ಏದುಸಿರು ಕೇಳುತ್ತದೆ, ಅದನ್ನು ಅಳಿಸಿಲ್ಲ. ಕರಗದ ನಾದ ಬೇಕೆಂದಿದ್ದವರು ಇಲ್ಲಿ ಪ್ರತಿ ಸ್ವರವನ್ನೂ ಅದರ ಪಾಡಿಗೆ ಮುಗಿಯಲು ಬಿಟ್ಟಿದ್ದಾರೆ. ಯಂತ್ರವನ್ನು ತೊರೆದು ಅಲ್ಲ, ಅದರಿಂದ ಏನು ಕೇಳಬಾರದೆಂದು ಅರಿತು.

ನಿದ್ದೆಯ ಪಟ್ಟಿಗಳಿಗೂ ಇಂಥ ಕೃತಿಗಳಿಗೂ ಇರುವ ಅಂತರ ಇದೇ. ಅಲ್ಲಿ ಏನೂ ಮುಗಿಯದಂತೆ ನೋಡಿಕೊಳ್ಳುತ್ತಾರೆ. ಕೇಳುಗರಿಗೆ ಯಾವ ಸದ್ದಿನ ಲೆಕ್ಕವೂ ಸಿಗಬಾರದು. ಹಾಗಾಗಿ ‘ಪಿಯಾನೋ ಮತ್ತು ಇಲೆಕ್ಟ್ರಾನಿಕ್ಸ್’ ಎಂಬ ಹಣೆಪಟ್ಟಿಯ ಹೊಸ ಆಲ್ಬಂ ಕೈಗೆ ಬಂದಾಗ ರಾಗಮಾಧುರ್ಯವನ್ನು ಅಳೆಯಲು ಆತುರ ಬೇಡ. ಒಂದು ಸ್ವರ ಬಿದ್ದ ಮೇಲೆ ಅದರ ಗತಿ ಏನಾಗುತ್ತದೆಂದು ಹಿಂಬಾಲಿಸಿ. ರಚಿಸಿದವರು ಅದನ್ನು ಯೋಚಿಸಿದ್ದರೆ ನಿಮ್ಮ ಗಮನಕ್ಕೆ ಅಲ್ಲಿ ಕೆಲಸವಿದೆ. ಯೋಚಿಸಿಲ್ಲವಾದರೆ ನಿದ್ದೆ ಮಾಡಲು ಅಡ್ಡಿಯಿಲ್ಲ.

— ಸಂಪಾದಕ