ಎಲೆಕ್ಟ್ರಾನ್ ಹೆಚ್ಚಿದರೂ ಪರಮಾಣು ಕುಗ್ಗುವುದೇಕೆ?

ಆವರ್ತ ಕೋಷ್ಟಕದ ಮೂರನೆಯ ಸಾಲಿನಲ್ಲಿ ಸೋಡಿಯಂನಿಂದ ಕ್ಲೋರಿನ್‌ವರೆಗೆ ಸಾಗಿದರೆ ಪರಮಾಣುವಿನ ಗಾತ್ರ ಏನಾಗುತ್ತದೆ? 'ಎಲೆಕ್ಟ್ರಾನುಗಳು 11ರಿಂದ 17ಕ್ಕೆ ಏರುತ್ತವೆ, ಆದ್ದರಿಂದ ಗಾತ್ರವೂ ಹಿಗ್ಗುತ್ತದೆ' ಎಂದು ಬರೆದು ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಗಳು ಅನೇಕ.

ವಾಸ್ತವವಾಗಿ ಗಾತ್ರ ಕುಗ್ಗುತ್ತದೆ. ಸೋಡಿಯಂ ಪರಮಾಣುವಿನ ತ್ರಿಜ್ಯ ಸುಮಾರು 186 ಪಿಕೋಮೀಟರ್. ಕ್ಲೋರಿನ್ನಿನದು ಸುಮಾರು 99 ಮಾತ್ರ. ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಕಾರಣ ಸರಳ. ಹೊಸ ಎಲೆಕ್ಟ್ರಾನುಗಳೆಲ್ಲ ಸೇರುವುದು ಅದೇ ಮೂರನೆಯ ಕವಚಕ್ಕೆ. ನ್ಯೂಕ್ಲಿಯಸ್ಸಿನ ಪ್ರೋಟಾನುಗಳೂ 11ರಿಂದ 17ಕ್ಕೆ ಏರುವುದರಿಂದ ಒಳಸೆಳೆತ ಬಲವಾಗುತ್ತದೆ. ಒಂದೇ ಕವಚದಲ್ಲಿರುವ ಎಲೆಕ್ಟ್ರಾನುಗಳು ಈ ಸೆಳೆತವನ್ನು ಅಷ್ಟಾಗಿ ತಡೆಯಲಾರವು.

ಮೇಲಿನಿಂದ ಕೆಳಗಿಳಿದರೆ ಕಥೆ ಬೇರೆ. ಲಿಥಿಯಂ 152, ಸೋಡಿಯಂ 186, ಪೊಟ್ಯಾಸಿಯಂ 227. ಪ್ರತಿ ಮೆಟ್ಟಿಲಿಗೂ ಹೊಸದೊಂದು ಕವಚ. ಹೊರಗಿನ ಎಲೆಕ್ಟ್ರಾನ್ ದೂರವಾಗಿ ಸುಲಭವಾಗಿ ಕಳಚಿಕೊಳ್ಳುತ್ತದೆ. ನೀರಿನೊಡನೆ ಪೊಟ್ಯಾಸಿಯಂ ಸೋಡಿಯಂಗಿಂತ ರಭಸವಾಗಿ ವರ್ತಿಸುವುದು ಇದರಿಂದಲೇ.

ಪಾಲಕರೇ, ಮಕ್ಕಳಿಗೆ ಕೋಷ್ಟಕ ಬಾಯಿಪಾಠ ಮಾಡಿಸುವ ಮುನ್ನ ಇಷ್ಟು ಕೇಳಿ: 'ಕವಚ ಹೆಚ್ಚಿತೇ? ಇಲ್ಲವಾದರೆ ಸೆಳೆತ ಹೆಚ್ಚಿತೇ?' ಇದಕ್ಕೆ ಉತ್ತರಿಸಬಲ್ಲ ಮಗು ಪರೀಕ್ಷೆಯಲ್ಲಿ ಮರೆತರೂ ತಾನೇ ಯೋಚಿಸಿ ಬರೆದೀತು.